ಪಕ್ಕವಾದ್ಯದವನ ಪಿಯಾನೋ

ಸ್ಮೂತ್ ಜಾಝ್ ಎಂದರೆ ಮೂಗು ಮುರಿಯುವುದು ಜಾಝ್ ಬಲ್ಲವರ ಮನೆಯಲ್ಲಿ ಮಡಿಯಷ್ಟೇ ಕಡ್ಡಾಯ. ಲಿಫ್ಟಿನ ಸಂಗೀತ, ಹೋಟೆಲ್ ಲಾಬಿಯ ಸಂಗೀತ, ನಿದ್ದೆಮಾತ್ರೆ: ಬೈಗುಳಗಳೂ ಹಳಸಿವೆ. ಜಾಝ್ ದಿಗ್ಗಜ ಕೋಲ್ಟ್ರೇನನ್ನು ಪೂಜಿಸುವ ಗೆಳೆಯರೊಬ್ಬರು ಮೊನ್ನೆ ನನ್ನ ಮೇಜಿನ ಮೇಲೆ ಪಿಯಾನೋ ವಾದಕ ಬಾಬ್ ಜೇಮ್ಸನ ತಟ್ಟೆ ಕಂಡು, 'ಏನ್ರೀ, ಇದನ್ನೂ ಕೇಳ್ತೀರಾ?' ಎಂದರು. ಕೇಳುತ್ತೇನೆ. ರಾತ್ರಿ ಹತ್ತರ ಮೇಲೆ, ದೀಪ ಆರಿಸಿ, ಕಾಲು ಚಾಚಿಕೊಂಡು.

ಕಷ್ಟದ ಸಂಗೀತ ಬಾರದವನು ಸಲೀಸಿಗೆ ಜಾರಿದ ಎಂಬುದು ಈ ಪಂಥದ ಪಿಯಾನೋ ವಾದಕರ ಮೇಲಿನ ಹಳೆಯ ಆರೋಪ. ಬಾಬ್ ಜೇಮ್ಸನ ಮಟ್ಟಿಗೆ ಇದು ಶುದ್ಧ ಸುಳ್ಳು. 1965ರಲ್ಲಿ ಇಎಸ್‌ಪಿ ಕಂಪನಿಗೆ ಅವನು ಮಾಡಿದ 'ಎಕ್ಸ್‌ಪ್ಲೋಶನ್ಸ್' ಕೇಳಿ. ಪಿಯಾನೋ, ಬಾಸ್, ಡ್ರಮ್ಸಿನ ನಡುವೆ ಟೇಪಿನಿಂದ ಬರುವ ವಿಚಿತ್ರ ಸದ್ದುಗಳು. ತಾಳ ಎಲ್ಲಿ, ಸ್ವರ ಎಲ್ಲಿ ಎಂದು ತಡಕಾಡಬೇಕು. ನನ್ನ ಗೆಳೆಯರಂಥವರಿಗೆ ಹೇಳಿ ಮಾಡಿಸಿದ್ದು. ನನಗೆ ಹದಿನೈದು ನಿಮಿಷ ಸಾಕಾಯಿತು.

ಅದೇ ಕಾಲಕ್ಕೆ ಅವನು ಸಾರಾ ವಾನ್ ಎಂಬ ಮಹಾ ಗಾಯಕಿಗೆ ಪಿಯಾನೋ ನುಡಿಸಲು ಹೋದ. ಕೆಲವು ವರ್ಷ ಅಲ್ಲೇ ಇದ್ದ. ಅವನ ನಿಜವಾದ ಪಾಠಶಾಲೆ ಅದು ಎಂಬುದು ನನ್ನ ಹಟ. ಪಕ್ಕವಾದ್ಯದವನಿಗೆ ಮೊದಲು ಬರಬೇಕಾದದ್ದು ಕೈ ತಡೆಯುವುದು. ಹಾಡುಗಾರ್ತಿ ಉಸಿರೆಳೆದುಕೊಳ್ಳುವಷ್ಟು ಜಾಗ ಬಿಟ್ಟು, ಆಮೇಲೆ ಒಂದೇ ಒಂದು ಸ್ವರಗುಚ್ಛ ಇಡಬೇಕು. 'ಟ್ಯಾಕ್ಸಿ' ಎಂಬ ಅಮೆರಿಕದ ಟಿವಿ ಧಾರಾವಾಹಿಯ ಆರಂಭಕ್ಕೆ ಬರುವ ಅವನ 'ಆಂಜೆಲಾ'ದಲ್ಲಿ ನನಗೆ ಕೇಳಿಸುವುದು ಆ ತಡೆ. ಅದನ್ನು ಬರೆದದ್ದು ಒಂದು ಕಂತಿನ ಒಬ್ಬ ಹೆಣ್ಣಿಗಾಗಿ. ಹಿಡಿಸಿತೆಂದು ಇಡೀ ಧಾರಾವಾಹಿಯ ತಲೆಬರಹವಾಯಿತು. ಎಲೆಕ್ಟ್ರಿಕ್ ಪಿಯಾನೋದ ದುಂಡು ದನಿ, ಮೇಲೊಂದಿಷ್ಟು ಕೊಳಲು. ಯಾರನ್ನೂ ಹಿಡಿದು ಕೂರಿಸುವುದಿಲ್ಲ, ಆದರೆ ಎದ್ದು ಹೋಗಲು ಮನಸ್ಸಾಗುವುದಿಲ್ಲ.

ಅವನ 1974ರ 'ನಾಟಿಲಸ್' ಇನ್ನೂ ತಮಾಷೆ. 'ಒನ್' ತಟ್ಟೆಯ ಕಟ್ಟಕಡೆಯಲ್ಲಿ, ಯಾರೂ ತಲುಪದ ಜಾಗದಲ್ಲಿದ್ದ ರಚನೆ. ಅದನ್ನು ಅಲ್ಲಿಂದ ಎತ್ತಿದವರು ವಿಮರ್ಶಕರಲ್ಲ, ಹಿಪ್‌ಹಾಪ್ ಹುಡುಗರು. ಇದ್ರಿಸ್ ಮುಹಮ್ಮದನ ಡ್ರಮ್ಸ್, ಕೆಳಗೆ ತೆವಳುವ ಬಾಸ್: ಅವರು ಕತ್ತರಿಸಿ ಕತ್ತರಿಸಿ ಬಳಸಿದರೂ ಅದು ಸವೆಯಲಿಲ್ಲ. ಬರೀ ಲಾಬಿಗೆ ಹಚ್ಚಿದ ಬಣ್ಣವಾಗಿದ್ದರೆ ಇಷ್ಟು ಹೊತ್ತಿಗೆ ಉದುರಿರುತ್ತಿತ್ತು.

ಪಂಥ ಕೆಟ್ಟಿತು, ಒಪ್ಪುತ್ತೇನೆ. 1987ರಲ್ಲಿ ಲಾಸ್ ಏಂಜಲೀಸಿನ 'ದ ವೇವ್' ರೇಡಿಯೋ ಶುರುವಾದ ಮೇಲೆ ಇದೊಂದು ವ್ಯಾಪಾರವಾಯಿತು. ಕೇಳುಗರನ್ನು ಕೂರಿಸಿ, ತುಣುಕು ಕೇಳಿಸಿ, ಯಾವುದಕ್ಕೆ ಹುಬ್ಬು ಗಂಟಿಕ್ಕಿದರೋ ಅದನ್ನು ಕಿತ್ತು ಹಾಕುವ ಪದ್ಧತಿ ಬಂತು. ಈಗಿನ 'ಮೂರು ಗಂಟೆ ವಿಶ್ರಾಂತಿ ಪಿಯಾನೋ'ಗಳಂತೂ ನೀರು ಬೆರೆಸಿದ ಮಜ್ಜಿಗೆಗೆ ಮತ್ತೆ ನೀರು ಬೆರೆಸಿದಂತೆ. ಕೆನ್ನಿ ಜಿ ವಿಷಯಕ್ಕೆ ಬರಲಾರೆ. ಅವನದು ಸ್ಯಾಕ್ಸೋಫೋನು, ನನ್ನ ಹೊಣೆಯಲ್ಲ.

ಆದರೆ ಗೆಳೆಯರ ತಕರಾರು ಕೆಟ್ಟ ಸರಕಿನ ಮೇಲಲ್ಲ, ನೆಮ್ಮದಿಯ ಮೇಲೆ. ಬೆವರಿ ಕೇಳಿದ್ದೇ ಕಲೆ, ಒರಗಿ ಕೇಳಿದ್ದು ಸೋಮಾರಿತನ. ಈ ತಪಸ್ಸಿನ ಲೆಕ್ಕ ನಮ್ಮಲ್ಲಿ ಎಲ್ಲಿಂದ ಬಂತೋ! ತೊಟ್ಟಿಲು ತೂಗಲಿಕ್ಕೆಂದೇ ನೀಲಾಂಬರಿ ರಾಗವನ್ನು ಕೈಹಿಡಿದ ಪರಂಪರೆ ನಮ್ಮದು. ನಿದ್ದೆ ತರಿಸುತ್ತದೆಂದು ಅದನ್ನು ಯಾವ ವಿದ್ವಾಂಸರೂ ಪಂಕ್ತಿಯಿಂದ ಎಬ್ಬಿಸಿದ್ದು ನಾನು ಕಂಡಿಲ್ಲ. ದಣಿದವನಿಗೆ ಹಾಡುವುದು ಕಡಿಮೆ ಕೆಲಸವೆಂದು ಜೋಗುಳ ಹಾಡಿದ ಯಾವ ಅಜ್ಜಿಯೂ ಒಪ್ಪುತ್ತಿರಲಿಲ್ಲ.

ಬರುವ ಭಾನುವಾರ ಗೆಳೆಯರ ಮನೆಯಲ್ಲಿ ಕೋಲ್ಟ್ರೇನ್ ಕೇಳುವುದಿದೆ. ಹೋಗುತ್ತೇನೆ, ನೆಟ್ಟಗೆ ಕೂರುತ್ತೇನೆ. ಅವರ ಕುರ್ಚಿಗಳೂ ಹಾಗೇ ಇವೆ, ಒರಗಲು ಬಿಡುವುದಿಲ್ಲ.