ಉಕ್ತಲೇಖನ ಹೋದ ಮೇಲೆ

ಹವ್ಯಾಸಿ ರೇಡಿಯೋ ಪರವಾನಗಿಯ ಪರೀಕ್ಷೆ ಮಕ್ಕಳಾಟವಾಗಿಬಿಟ್ಟಿದೆ ಎಂದು ಹಳೆಯ ಹ್ಯಾಮ್‌ಗಳು ಗೊಣಗುವುದುಂಟು. ಅವರ ಕೋಪಕ್ಕೆಲ್ಲ ಮೂಲ ಒಂದೇ, ಮೋರ್ಸ್. ಆ ಉದ್ದ ಗಿಡ್ಡ ಸದ್ದುಗಳನ್ನು ಕಿವಿಯಿಂದ ಹಿಡಿದು ಕಾಗದದ ಮೇಲೆ ಅಕ್ಷರ ಮಾಡಲಾರದವನು ಹ್ಯಾಮೇ ಅಲ್ಲವೆಂಬುದು ಅವರ ವಾದ. ಇಪ್ಪತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದವಳಾದ್ದರಿಂದ, ಪರೀಕ್ಷೆಯ ಮಾತು ಬಂದಲ್ಲಿ ನಾನು ಬಾಯಿ ಹಾಕದೆ ಇರಲಾರೆ.

ಮೋರ್ಸ್ ಪರೀಕ್ಷೆ ಎಂದರೆ ನಮ್ಮ ಉಕ್ತಲೇಖನವೇ. ಅಮೆರಿಕದ ಅತ್ಯುನ್ನತ ದರ್ಜೆಗೆ ನಿಮಿಷಕ್ಕೆ 20 ಪದ ಬೇಕಿತ್ತು. ಪದಕ್ಕೆ ಐದಕ್ಷರವೆಂದರೆ ನೂರು ಅಕ್ಷರ! 2000ದಲ್ಲಿ ಅದು 5 ಪದಕ್ಕಿಳಿಯಿತು. 2003ರ ಜಿನೀವಾ ಸಮ್ಮೇಳನ ಮೋರ್ಸ್ ಬೇಕೋ ಬೇಡವೋ ಎಂಬುದನ್ನು ಆಯಾ ದೇಶಕ್ಕೆ ಬಿಟ್ಟಿತು. ಅಮೆರಿಕ 2007ರಲ್ಲಿ ಪೂರ್ತಿ ಕೈಬಿಟ್ಟಿತು. ನಮ್ಮಲ್ಲಿ 2009ರ ತಿದ್ದುಪಡಿ ಎರಡೇ ದರ್ಜೆಗಳನ್ನು ಉಳಿಸಿ, ಜನರಲ್‌ಗೆ 8 ಪದವೆಂದೂ ರಿಸ್ಟ್ರಿಕ್ಟೆಡ್‌ಗೆ ಮೋರ್ಸ್ ಬೇಡವೆಂದೂ ಹೇಳಿತು.

ಇದರಿಂದ ಮಟ್ಟ ಕುಸಿಯಿತೆಂದು ನಾನು ಒಪ್ಪುವುದಿಲ್ಲ. ಹಡಗುಗಳೇ ಮೋರ್ಸ್ ಬಿಟ್ಟ ಮೇಲೆ ಹವ್ಯಾಸಿಗಳಿಗೆ ಅದನ್ನು ಕಡ್ಡಾಯ ಮಾಡುವುದು, ಎತ್ತಿನ ಗಾಡಿ ಹೊಡೆಯಲು ಬಂದರಷ್ಟೇ ಬಸ್ಸಿನ ಲೈಸೆನ್ಸು ಎಂದಂತೆ. ನನ್ನ ತಕರಾರು ಬೇರೆ. ಉಕ್ತಲೇಖನದಲ್ಲಿ ಮೋಸಕ್ಕೆ ಜಾಗವಿಲ್ಲ; ಕಿವಿಗೆ ಬಿತ್ತು, ಇಲ್ಲವೇ ಬೀಳಲಿಲ್ಲ. ಅದನ್ನು ತೆಗೆದವರು ಆ ಜಾಗದಲ್ಲಿ ಮಾಡಿ ತೋರಿಸುವಂಥ ಇನ್ನೊಂದನ್ನು ಇಟ್ಟರೇ?

ಅಮೆರಿಕದಲ್ಲಂತೂ ಇಡಲಿಲ್ಲ. ಅಲ್ಲಿ ಮೊದಲ ಮೆಟ್ಟಿಲಿನ ಪರೀಕ್ಷೆಗೆ ಸುಮಾರು 400 ಪ್ರಶ್ನೆಗಳು, ಸರಿಯುತ್ತರದ ಸಮೇತ, ಮೊದಲೇ ಅಚ್ಚಾಗಿ ಸಿಗುತ್ತವೆ. ಅದರಿಂದಲೇ 35 ಆರಿಸುತ್ತಾರೆ. 26 ಸರಿಯಾದರೆ ಪಾಸು. ಅಲ್ಲಿರುವ ನನ್ನ ಅಣ್ಣನ ಮಗಳು ಹದಿನೈದು ದಿನ ಉರು ಹೊಡೆದು ಪಾಸಾದಳು. "ಅತ್ತೆ, ಪ್ರಶ್ನೆ ಪೂರ್ತಿ ಓದೋದೂ ಬೇಡ. ಸರಿ ಉತ್ತರದ ಮುಖ ಪರಿಚಯ ಇರುತ್ತೆ," ಎಂದಳು. ಆಂಟೆನಾಗೆ ಎಷ್ಟು ಉದ್ದದ ತಂತಿ ಬೇಕೆಂದು ಕೇಳಿದೆ. ನಕ್ಕಳು. ಹುಡುಗಿ ದಡ್ಡಳಲ್ಲ, ಪರೀಕ್ಷೆ ಅವಳಿಂದ ಕೇಳಿದ್ದೇ ಅಷ್ಟು. ಗೈಡು ನೋಡಿ ಫಸ್ಟ್‌ಕ್ಲಾಸ್ ಬಂದ ಎಷ್ಟು ಮಕ್ಕಳನ್ನು ನಾನು ಕಂಡಿಲ್ಲ!

ಪ್ರಶ್ನೆ ಮುಚ್ಚಿಡಿ ಎನ್ನುತ್ತಿಲ್ಲ. ಬಾಗಿಲು ಅಗಲವಾಗಿರಲಿ, ಹೆಣ್ಣುಮಕ್ಕಳು ಹೆಚ್ಚು ಬರಲಿ. ಆದರೆ 2004ರ ಡಿಸೆಂಬರ್ ನೆನೆಯಿರಿ. ಸುನಾಮಿ ಬಂದಾಗ ಹ್ಯಾಮ್ ಭಾರತಿ ಪ್ರಸಾದ್ ಪೋರ್ಟ್‌ಬ್ಲೇರ್‌ನಲ್ಲಿದ್ದರು. ಅಂಡಮಾನಿನವರ ಕ್ಷೇಮಸಮಾಚಾರವನ್ನು ರೇಡಿಯೋ ಮೂಲಕ ಈಚೆ ದಡಕ್ಕೆ ಮುಟ್ಟಿಸಿದರು. ಅಂಥ ಹೊತ್ತಿನಲ್ಲಿ ಬೇಕಾದ ವಿದ್ಯೆ ಯಾವುದು? ಗದ್ದಲದ ನಡುವೆ ಒಂದು ಹೆಸರನ್ನು ಅಕ್ಷರ ತಪ್ಪದಂತೆ ಹಿಡಿಯುವುದು, ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವುದು, ಇನ್ನೊಬ್ಬರು ಮಾತಾಡುವಾಗ ಸುಮ್ಮನಿರುವುದು. ನಾಲ್ಕರಲ್ಲೊಂದಕ್ಕೆ ಗುರುತು ಹಾಕಿಸಿ ಇದನ್ನು ಅಳೆಯಲಾಗದು.

ಅಳೆಯುವುದೇನೂ ಕಷ್ಟವಲ್ಲ. ಅಭ್ಯರ್ಥಿಯ ಕೈಗೆ ಹತ್ತು ಹೆಸರು, ಹತ್ತು ಊರುಗಳ ಚೀಟಿ ಕೊಡಿ. ಗೋಡೆಯಾಚೆಗಿನ ಇನ್ನೊಬ್ಬ ಅಭ್ಯರ್ಥಿ ಅದನ್ನು ಕೇಳಿ ಬರೆದುಕೊಳ್ಳಲಿ, ಬೇಕೆಂದೇ ಒಂದಿಷ್ಟು ಗರಗರ ಸದ್ದಿರಲಿ. ಆಮೇಲೆ ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಿ. ಎರಡು ಸೆಟ್ಟು, ನಡುವೆ ಒಂದು ಗೋಡೆ, ಅರ್ಧ ಗಂಟೆ ಸಾಕು.