ಆಟದ ಹುಚ್ಚಿನವರ ಪತ್ರಿಕೆಗಳು

1984ರಲ್ಲಿ ಬ್ರಿಟನ್ನಿನಲ್ಲಿ 'ಜೆಟ್ ಸೆಟ್ ವಿಲ್ಲಿ' ಎಂಬ ಕಂಪ್ಯೂಟರ್ ಆಟ ಮಾರುಕಟ್ಟೆಗೆ ಬಂತು. ಬರೆದವನು ಮ್ಯಾಥ್ಯೂ ಸ್ಮಿತ್, ಆಗಿನ್ನೂ ಹದಿಹರೆಯದ ಹುಡುಗ. ಕಥೆ ಇಷ್ಟೇ: ವಿಲ್ಲಿಯ ಬಂಗಲೆಯಲ್ಲಿ ದೊಡ್ಡ ಪಾರ್ಟಿ ಮುಗಿದಿದೆ. ಚೆಲ್ಲಾಪಿಲ್ಲಿಯಾದ ಸಾಮಾನನ್ನೆಲ್ಲ ಎತ್ತಿಡುವ ತನಕ ಮನೆ ನೋಡಿಕೊಳ್ಳುವ ಮರಿಯಾ ಅವನನ್ನು ಮಲಗಲು ಬಿಡುವುದಿಲ್ಲ. ಕೋಣೆ ಕೋಣೆ ಸುತ್ತಿ ವಸ್ತುಗಳನ್ನು ಹೆಕ್ಕಬೇಕು. ಜನ ಮುಗಿಬಿದ್ದು ಆಡಿದರು. ಆದರೆ ಒಂದು ವಿಚಿತ್ರ ಗೊತ್ತಾಯಿತು. ಅಟ್ಟದ ಕೋಣೆಗೆ ಒಮ್ಮೆ ಹೋಗಿ ಬಂದರೆ, ಆಮೇಲೆ ಬೇರೆ ಕೆಲವು ಕೋಣೆಗಳಿಗೆ ಕಾಲಿಟ್ಟ ಕೂಡಲೇ ವಿಲ್ಲಿ ಸಾಯುತ್ತಿದ್ದ. ಅಂದರೆ ಆಟವನ್ನು ಮುಗಿಸಲು ಸಾಧ್ಯವೇ ಇರಲಿಲ್ಲ. ಪ್ರೋಗ್ರಾಮಿನಲ್ಲಿ ತಪ್ಪು ಉಳಿದಿತ್ತು. ಕಂಪನಿ ಮೊದಲು ಕೊಟ್ಟ ವಿವರಣೆ ಮಾತ್ರ ಭಾರಿ: ಅದು ತಪ್ಪಲ್ಲ, ಆ ಕೋಣೆಗಳಲ್ಲಿ ವಿಷದ ಗಾಳಿ ತುಂಬಿದೆ!

ನಂಬದ ಇಬ್ಬರು ಆಟಗಾರರು ಪ್ರೋಗ್ರಾಮನ್ನು ಬಿಚ್ಚಿ ನೋಡಿದರು, ತಪ್ಪು ಹಿಡಿದರು, ತಿದ್ದುವ ಪೋಕ್‌ಗಳನ್ನೂ ಕಳಿಸಿಕೊಟ್ಟರು. ಪೋಕ್ ಎಂದರೆ ಕಂಪ್ಯೂಟರಿನ ನೆನಪಿನಲ್ಲಿ ಇಂಥ ನಂಬರಿನ ಮನೆಯಲ್ಲಿ ಇಂಥ ಅಂಕಿ ಇಡು ಎಂಬ ಆಜ್ಞೆ. ಇದೇ ಆಟಕ್ಕೆ 'ಪೋಕ್ 35899, 0' ಎಂದು ಹೊಡೆದರೆ ವಿಲ್ಲಿಗೆ ಎಷ್ಟು ಸತ್ತರೂ ಜೀವ ತೀರುವುದಿಲ್ಲ. ಕೊನೆಗೆ ಕಂಪನಿಯೇ ತಿದ್ದುಪಡಿಯನ್ನು ಒಪ್ಪಿಕೊಂಡಿತು, ಆಟವನ್ನು ಮೊದಲು ಮುಗಿಸಿದವರಿಗೆಂದು ಇಟ್ಟಿದ್ದ ಬಹುಮಾನವೂ ಆ ಇಬ್ಬರಿಗೇ ಹೋಯಿತು.

ಹಳೆಯ ಕಂಪ್ಯೂಟರುಗಳ ಅಭಿಮಾನಿಗಳು ತರುವ ಪುಟ್ಟ ಪತ್ರಿಕೆಗಳನ್ನು ನಾನು ಓದತೊಡಗಿದ್ದು ಇಂಥ ಪ್ರಸಂಗಗಳ ಆಸೆಗೆ. ಹಿಂಜವಡಿಯಿಂದ ಮನೆ ಮುಟ್ಟಲು ಆಫೀಸು ಬಸ್ಸಿಗೆ ಕೆಲವೊಮ್ಮೆ ಎರಡು ತಾಸು ಬೇಕಾಗುತ್ತದೆ. ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ಸ್ಕ್ಯಾನ್ ಪ್ರತಿಗಳನ್ನು ಹಿಗ್ಗಿಸಿ ಹಿಗ್ಗಿಸಿ ಓದುತ್ತೇನೆ. "ಆಟ ಆಡೋದು ಬಿಟ್ಟು ಓದೋದೇನೋ ಮಾರಾಯ" ಎಂದು ಪಕ್ಕದ ಸೀಟಿನ ಬಾಗಲಕೋಟೆಯ ಗೆಳೆಯ ನಗುತ್ತಾನೆ. ಅವನ ಪ್ರಶ್ನೆ ಸಣ್ಣದಲ್ಲ. ಆಟದ ಬಗ್ಗೆ ಬರೆಯುವುದು ಎಂದರೆ ಏನು? ಯಾರು ಬರೆಯಬೇಕು?

ಇಂಗ್ಲಿಷಿನಲ್ಲಿ ಇವುಗಳಿಗೆ ಫ್ಯಾನ್‌ಝೀನ್ ಎಂಬ ಹೆಸರಿದೆ. ಆ ಶಬ್ದ ಹುಟ್ಟಿದ್ದು 1940ರಲ್ಲಿ, ವೈಜ್ಞಾನಿಕ ಕತೆಗಳ ಅಭಿಮಾನಿಗಳ ನಡುವೆ. ತಾವೇ ಟೈಪು ಮಾಡಿ, ಸೈಕ್ಲೋಸ್ಟೈಲ್ ತೆಗೆದು, ಅಂಚೆಯಲ್ಲಿ ಹಂಚುತ್ತಿದ್ದ ಹಾಳೆಗಳು. ನಮಗೆ ಇದು ಅಪರಿಚಿತ ಲೋಕವೇನಲ್ಲ. ಹಾಸ್ಟೆಲಿನ ಗೋಡೆ ಪತ್ರಿಕೆ, ಶಾಲೆಯ ಕೈಬರಹದ ಪತ್ರಿಕೆ ಮಾಡಿದವರು ಈ ಇ-ಪತ್ರಿಕೆಯ ಓದುಗರಲ್ಲೂ ಇದ್ದಾರು. 1964ರಲ್ಲಿ ಧಾರವಾಡದಿಂದ ಹೊರಟ 'ಸಂಕ್ರಮಣ'ದ ಹಿಂದೆಯೂ ಮೂವರು ಗೆಳೆಯರ ಜೇಬಿನ ದುಡ್ಡೇ ಇದ್ದದ್ದು. ದೊಡ್ಡ ಪತ್ರಿಕೆಗಳು ಹಾಕಿಕೊಳ್ಳದ ಬರಹಕ್ಕೆ ಜಾಗ ಮಾಡಿದ್ದು, ಅದರ ಜೊತೆಗೆ ಆ ಬರಹವನ್ನು ಓದುವ ಬಗೆಯನ್ನೂ ಕಲಿಸಿದ್ದು ಕಿರುಪತ್ರಿಕೆಗಳು.

ಆಟಗಳ ವಿಷಯದಲ್ಲೂ ಹೀಗೇ ಆಯಿತು. ಅಮೆರಿಕದ ಆರ್ನಿ ಕಾಟ್ಜ್, ಬಿಲ್ ಕುಂಕೆಲ್, ಜಾಯ್ಸ್ ವೋರ್ಲಿ ಮೂವರೂ ವೈಜ್ಞಾನಿಕ ಕತೆಗಳ ಅಭಿಮಾನಿ ಪತ್ರಿಕೆಗಳಲ್ಲಿ ಪಳಗಿದವರು. ಕಾಟ್ಜ್, ಕುಂಕೆಲ್ 1978ರಲ್ಲಿ ಒಂದು ವಿಡಿಯೋ ಮಾಸಿಕದಲ್ಲಿ ಆಟಗಳ ಬಗ್ಗೆ ಅಂಕಣ ಶುರುಮಾಡಿದರು. 1981ರಲ್ಲಿ ಮೂವರೂ ಸೇರಿ 'ಎಲೆಕ್ಟ್ರಾನಿಕ್ ಗೇಮ್ಸ್' ಪತ್ರಿಕೆ ತಂದರು. ಅಷ್ಟು ದಿನ ಆಟ ಎಂದರೆ ಆಟಿಕೆ ಅಂಗಡಿಯ ಸರಕು. ಅದಕ್ಕೆ ವಿಮರ್ಶೆ ಬರೆಯಬಹುದು ಎಂದು ತೋರಿಸಬೇಕಿತ್ತು, ಬರೆಯಲು ಶಬ್ದಗಳೂ ಇರಲಿಲ್ಲ. ಇಂದು ನಾವು ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ತೆಗೆಯುವ 'ಸ್ಕ್ರೀನ್‌ಶಾಟ್' ಎಂಬ ಶಬ್ದವನ್ನು ಚಲಾವಣೆಗೆ ತಂದವರು ಇವರೇ ಎಂಬ ಮಾತಿದೆ. ವಿಮರ್ಶೆಯ ಪರಿಭಾಷೆ ವಿಶ್ವವಿದ್ಯಾಲಯದಲ್ಲೇ ಹುಟ್ಟಬೇಕು ಎಂದುಕೊಂಡವರು ಇದನ್ನು ಗಮನಿಸಬೇಕು. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ: ಮೂವರಲ್ಲಿ ಒಬ್ಬಾಕೆ ಹೆಣ್ಣುಮಗಳು. ಆದರೂ ನಾನು ಓದಿದ ಇಂದಿನ ಪತ್ರಿಕೆಗಳಲ್ಲಿ ಹೆಚ್ಚಿನವು, ಆಟ ಆಡಿದ್ದು ಹುಡುಗರು ಮಾತ್ರ ಎಂಬಂತೆಯೇ ಮಾತಾಡುತ್ತವೆ.

ಬ್ರಿಟನ್ನಿನಲ್ಲಿ ದಾರಿ ಬೇರೆ ಆಯಿತು. ಅಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಮ್ 1982ರ ಏಪ್ರಿಲಿನಲ್ಲಿ ಬಂದು ಮಧ್ಯಮವರ್ಗದ ಮನೆ ಮನೆ ಹೊಕ್ಕಿತು. 1984ರ ಫೆಬ್ರವರಿಯಲ್ಲಿ ಲಡ್ಲೋ ಎಂಬ ಸಣ್ಣ ಊರಿನಿಂದ 'ಕ್ರ್ಯಾಶ್' ಮಾಸಿಕ ಹೊರಟಿತು. ಇದು ಅಂಗಡಿಯಲ್ಲಿ ಮಾರುವ ವೃತ್ತಿಪರ ಪತ್ರಿಕೆಯೇ. ಆದರೆ ವಿಮರ್ಶೆ ಬರೆಯಲು ಸಂಪಾದಕರು ಕರೆದದ್ದು ಊರಿನ ಶಾಲೆಯ ಹುಡುಗರನ್ನು. ಒಂದೇ ಆಟದ ಬಗ್ಗೆ ಹಲವರ ಅಭಿಪ್ರಾಯ, ಕೆಳಗೆ ಶೇಕಡಾವಾರು ಅಂಕಗಳು, ಮುಖಪುಟಕ್ಕೆ ಆಲಿವರ್ ಫ್ರೇ ಅವರ ಬಣ್ಣಬಣ್ಣದ ಚಿತ್ರ. ಹುಡುಗರು ಹುಚ್ಚಾದರು. ಪ್ರಕಾಶನ ಸಂಸ್ಥೆ 1991ರಲ್ಲಿ ಮುಳುಗಿದರೂ ಆ ರೂಪ ಮಾತ್ರ ಸಾಯಲಿಲ್ಲ. ನನ್ನ ತಕರಾರು ಶುರುವಾಗುವುದು ಇಲ್ಲಿಂದಲೇ.

ಇಂದಿನ ಅಭಿಮಾನಿ ಪತ್ರಿಕೆಗಳಲ್ಲಿ ಬಹಳಷ್ಟು ಆ ರೂಪದ ನಕಲುಗಳು. ಸಂಪಾದಕನ ಕೈಯಲ್ಲಿ ಪೂರ್ಣ ಸ್ವಾತಂತ್ರ್ಯವಿದೆ, ಜಾಹೀರಾತುದಾರನ ಹಂಗಿಲ್ಲ, ಇಂತಿಷ್ಟೇ ಪುಟ ಎಂಬ ಕಟ್ಟಿಲ್ಲ. ಆದರೂ ಅವನು ಬರೆಯುವುದು ಏನು? ಗ್ರಾಫಿಕ್ಸ್ 85, ಸದ್ದು 78, ಒಟ್ಟು 90. ನಲವತ್ತು ವರ್ಷ ಹಳೆಯ ಆಟಕ್ಕೆ ಇವತ್ತು ಅಂಕ ಕೊಟ್ಟು ಯಾರಿಗೆ ಏನಾಗಬೇಕು? ಅಂದು ಆ ಅಂಕಕ್ಕೆ ಅರ್ಥವಿತ್ತು. ಪಾಕೆಟ್ ಮನಿ ಕೂಡಿಸಿಟ್ಟ ಹುಡುಗ ಯಾವ ಕ್ಯಾಸೆಟ್ ಕೊಳ್ಳಬೇಕು ಎಂದು ಅದು ಹೇಳುತ್ತಿತ್ತು. ಇಂದು ಆ ಆಟ ಪುಕ್ಕಟೆ ಸಿಗುತ್ತದೆ, ಇಲ್ಲವೇ ಸಿಗುವುದೇ ಇಲ್ಲ. ನಮಗೆ ಬೇಕಾದದ್ದು ಬೇರೆ: ಆ ಅಟ್ಟದ ಕೋಣೆಯಲ್ಲಿ ಏನಾಗುತ್ತಿತ್ತು, 48 ಕಿಲೋಬೈಟಿನಲ್ಲಿ ಅಷ್ಟೊಂದು ಕೋಣೆಗಳನ್ನು ಹೇಗೆ ತುಂಬಿದರು, ಆ ಬಂಗಲೆಯಲ್ಲಿ ಅಷ್ಟು ಒಂಟಿತನ ಏಕೆ.

ಎರಡನೆಯ ತಕರಾರು ಹಳಹಳಿಕೆಯದು. ಲೇಖನ ಶುರುವಾಗುವುದೇ ಕ್ರಿಸ್‌ಮಸ್ ಬೆಳಗಿನಿಂದ. ಕಾಗದ ಹರಿದದ್ದು, ಡಬ್ಬಿಯ ವಾಸನೆ, ಅಪ್ಪ ಟಿವಿಗೆ ತಂತಿ ಜೋಡಿಸಿದ್ದು. ಒಂದು ಲೇಖನದಲ್ಲಿ ಚೆನ್ನ. ಇಪ್ಪತ್ತನೆಯದರಲ್ಲಿ ಪುಟ ತಿರುವುತ್ತೇನೆ. ನಮ್ಮ ವಾರಪತ್ರಿಕೆಗಳ 'ಅಜ್ಜಿ ಮನೆಯ ಬೇಸಿಗೆ ರಜೆ' ಪ್ರಬಂಧಗಳೂ ಹೀಗೇ ಅಲ್ಲವೇ? ವಿವರ ನಿಜವೇ, ಆದರೆ ಲೇಖಕ ತನ್ನ ಬಾಲ್ಯವನ್ನು ಬಿಟ್ಟು ಬೇರೇನನ್ನೂ ನೋಡುತ್ತಿಲ್ಲ. ಹಳೆಯ ಪ್ರೋಗ್ರಾಮರುಗಳ ಸಂದರ್ಶನಗಳಲ್ಲೂ ಇದೇ ಕಷ್ಟ. ಕೇಳುವವನಿಗೆ ಭಕ್ತಿ ಹೆಚ್ಚಾಗಿ ಪ್ರಶ್ನೆ ಬಡವಾಗುತ್ತದೆ. ಕಮೊಡೋರ್ 64ಕ್ಕಾಗಿಯೇ ಬ್ರಿಟನ್ನಿನಿಂದ ಬರುವ 'ಫ್ರೀಝ್64' ಎಂಬ ಚಿಕ್ಕ ಪುಸ್ತಿಕೆ ನನಗೆ ಹಿಡಿಸುವುದು ಅದರ ಸಂದರ್ಶನಗಳಿಗಿಂತ ಪೋಕ್‌ಗಳ, ಚೀಟ್‌ಗಳ ಪುಟಗಳಿಗಾಗಿ. ಅಲ್ಲಿ ನೆನಪು ಕೆಲಸ ಮಾಡುತ್ತಿರುತ್ತದೆ. ಓದುಗ ಯಂತ್ರದ ಮುಂದೆ ಕೂತು ಪರೀಕ್ಷಿಸಬಹುದು, ತಪ್ಪಿದ್ದರೆ ತಿದ್ದಬಹುದು.

ಅಭಿಮಾನ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ 'ಡಿಜಿಟಲ್ ಪ್ರೆಸ್' ಒಳ್ಳೆಯ ಉದಾಹರಣೆ. 1991ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಪತ್ರಿಕೆ ಅಟಾರಿ ಕಾಲದ ಕ್ಯಾಟ್ರಿಜ್‌ಗಳನ್ನು ಒಂದೊಂದಾಗಿ ಪಟ್ಟಿ ಮಾಡಿತು. ಕಂಪನಿಗಳೇ ತಮ್ಮ ಸರಕಿನ ಲೆಕ್ಕ ಕಳೆದುಕೊಂಡಿದ್ದ ಕಾಲ ಅದು. ಪಟ್ಟಿ ಬೆಳೆದು ಸಂಗ್ರಾಹಕರ ಕೈಪಿಡಿಯಾಯಿತು. ಪತ್ರಿಕೆಯ ಸ್ಥಾಪಕರಲ್ಲೊಬ್ಬರಾದ ಜೋ ಸ್ಯಾಂಟುಲಿ ಇನ್ನಿಬ್ಬರೊಡನೆ ಸೇರಿ ಕಟ್ಟಿದ ವಿಡಿಯೋಗೇಮ್ ಮ್ಯೂಸಿಯಂ 2016ರಲ್ಲಿ ಟೆಕ್ಸಾಸಿನ ಫ್ರಿಸ್ಕೋದಲ್ಲಿ ತೆರೆಯಿತು. ಪುಟ್ಟ ಪತ್ರಿಕೆಯಿಂದ ಮ್ಯೂಸಿಯಂ ತನಕ! ಆದರೆ ಆ ಕೈಪಿಡಿಯಲ್ಲಿ ಪ್ರತಿ ಕ್ಯಾಟ್ರಿಜ್‌ಗೂ ಅದು ಎಷ್ಟು ಅಪರೂಪ ಎಂಬ ಅಂಕಿ ಇತ್ತು. ಒಂದು ವಸ್ತು ಅಪರೂಪ ಎಂದು ಬರೆದ ಕೂಡಲೇ ಅದರ ಬೆಲೆ ಏರುತ್ತದೆ. ಆಟವನ್ನು ಆಡದೆ ಗಾಜಿನ ಕಪಾಟಿನಲ್ಲಿ ಇಡುವವನೂ ಈ ಪತ್ರಿಕೆಗಳ ಓದುಗನೇ ಆದ.

ಇಷ್ಟಾದರೂ ಈ ಪಟ್ಟಿಗಳನ್ನು ಹಗುರಾಗಿ ಕಾಣಲು ನನಗೆ ಮನಸ್ಸಿಲ್ಲ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಆಟ ಹೋದ ಮೇಲೆ ಅದರ ಬಗ್ಗೆ ಯಾರೋ ಬರೆದಿಟ್ಟದ್ದೇ ಆಸ್ತಿ. ಫ್ಲಾಪಿಯಲ್ಲಿ ಹಂಚಿದ ಪತ್ರಿಕೆಗಳ ಗತಿ ಇನ್ನೂ ಕಷ್ಟದ್ದು: ಓದಬೇಕೆಂದರೆ ಆ ಯಂತ್ರವೋ ಅದರ ಎಮ್ಯುಲೇಟರೋ ಬೇಕು. ಕಾಗದವೇ ಗಟ್ಟಿ ಎಂದು ಕಂಪ್ಯೂಟರಿನವರಿಗೇ ಅನಿಸಿದ್ದು ತಮಾಷೆಯಾಗಿದೆ.

ಹೊಸ ಕಾಲದ ಎರಡು ಪ್ರಯತ್ನಗಳು ನನಗೆ ಇಷ್ಟ. ರಾಸ್ಬೆರಿ ಪೈ ಬಂದ ವರ್ಷವೇ, 2012ರ ಮೇ ತಿಂಗಳಲ್ಲಿ, ಸ್ವಯಂಸೇವಕರು 'ಮ್ಯಾಗ್‌ಪೈ' ಶುರುಮಾಡಿದರು. ಹಳೆಯ ಪತ್ರಿಕೆಗಳ ಹಾಗೆ ಪ್ರೋಗ್ರಾಮುಗಳನ್ನು ಅಚ್ಚು ಹಾಕಿದರು, ಓದುಗರು ನೋಡಿಕೊಂಡು ಟೈಪು ಮಾಡಲಿ ಎಂದು. 2015ರಲ್ಲಿ ಸಂಸ್ಥೆಯೇ ಅದನ್ನು ವಹಿಸಿಕೊಂಡಿತು. ಅದೇ ವರ್ಷದ ಡಿಸೆಂಬರ್ ಸಂಚಿಕೆಯ ಮುಖಪುಟಕ್ಕೆ ಒಂದು ಇಡೀ ಕಂಪ್ಯೂಟರನ್ನೇ ಅಂಟಿಸಿ ಕೊಟ್ಟಿತು. ಪತ್ರಿಕೆ ಚೆಂದವಾಯಿತು, ಆದರೆ ಮನೆಯ ಅಡಿಗೆ ಹೋಗಿ ಹೋಟೆಲಿನ ಊಟ ಬಂತು. 2019ರಲ್ಲಿ ಶುರುವಾದ 'ಪೇಜ್ಡ್ ಔಟ್' ಇನ್ನೊಂದು. ಪುಕ್ಕಟೆ. ಒಂದು ಲೇಖನಕ್ಕೆ ಒಂದೇ ಪುಟ. ಒಂದೇ ಪುಟದಲ್ಲಿ ಕ್ರಿಸ್‌ಮಸ್ ಬೆಳಗನ್ನು ವರ್ಣಿಸುತ್ತ ಕೂರಲಾಗುವುದಿಲ್ಲ, ನೇರ ಯಂತ್ರದ ಹೊಟ್ಟೆಗೆ ಕೈ ಹಾಕಬೇಕು.

ಇದೆಲ್ಲ ಓದುವಾಗ ನನ್ನನ್ನು ಚುಚ್ಚುವ ಸಂಗತಿ ಬೇರೆ. ನಾನು ಆಡಿದ ಆಟ ಈ ಪತ್ರಿಕೆಗಳಲ್ಲಿ ಇಲ್ಲ. ಸ್ಪೆಕ್ಟ್ರಮ್ ನಮ್ಮ ಓಣಿಗೆ ಬರಲಿಲ್ಲ. ಬಿಬಿಸಿ ಮೈಕ್ರೊ 1984ರ ಸರ್ಕಾರಿ ಕ್ಲಾಸ್ ಯೋಜನೆಯಲ್ಲಿ ದೇಶದ ಕೆಲವು ಶಾಲೆಗಳಿಗೆ ಬಂದಿತ್ತಂತೆ, ನಮ್ಮ ಶಾಲೆಗಲ್ಲ. ನಮಗೆ ಬಂದದ್ದು 'ಟಿವಿ ಗೇಮ್'. ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲು. ಅದಕ್ಕೆ ಹಳದಿ ಬಣ್ಣದ ಕ್ಯಾಸೆಟ್, ಮೇಲೆ '9999 ಇನ್ 1' ಎಂಬ ಚೀಟಿ. ಆಡದಿದ್ದರೆ ತೆಗೆದು ಉಫ್ ಎಂದು ಊದಬೇಕು. ಅಭಿಮಾನಿ ಪತ್ರಿಕೆಗಳಲ್ಲಿ ಇದು ಬಂದರೂ 'ಪೈರಸಿ' ಎಂಬ ತಲೆಬರಹದಡಿ ಅರ್ಧ ಪ್ಯಾರಾ, ಜೊತೆಗೊಂದು ಕಿರುನಗೆ. ರಷ್ಯಾದವರು ತಮ್ಮ 'ಡೆಂಡಿ' ಬಗ್ಗೆ, ಪೋಲೆಂಡಿನವರು 'ಪೆಗಾಸಸ್' ಬಗ್ಗೆ ನಾಚಿಕೆಯಿಲ್ಲದೆ ಬರೆದುಕೊಂಡಿದ್ದಾರೆ. ಅವೂ ಅದೇ ಯಂತ್ರದ ನಕಲುಗಳೇ. ನಮ್ಮದಕ್ಕೆ ಒಂದು ಹೆಸರೂ ಇಲ್ಲ. ನಾವು ಅದನ್ನು ಮರೆಯಬೇಕಾದ ಬಡತನದ ಗುರುತು ಎಂದುಕೊಂಡಿದ್ದೇವೋ ಏನೋ. ಕೆಲಸ ಸಿಕ್ಕ ಮೇಲೆ ಅಸಲಿ ಕನ್ಸೋಲ್ ಕೊಂಡು, ಬ್ರಿಟನ್ನಿನ ಹುಡುಗರ ಬಾಲ್ಯವನ್ನು ನಮ್ಮದೇ ಎಂಬಂತೆ ಓದುತ್ತೇವೆ. ನಾನೂ ಅದನ್ನೇ ಮಾಡಿದವನು.

ಈ ಲೇಖನ ಬರೆಯುವ ಮೊದಲು ರಾಣೆಬೆನ್ನೂರಿನಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ನಮ್ಮ ಓಣಿಯಲ್ಲಿ ಟಿವಿ ಗೇಮ್ ಇದ್ದದ್ದು ಅವರ ಮನೆಯಲ್ಲಿ ಮಾತ್ರ.

"ಅಣ್ಣಾ, ಆ ಕ್ಯಾಸೆಟ್‌ನಾಗ ಖರೇನ ಎಷ್ಟು ಆಟ ಇದ್ವು?"

"ಹದಿನಾಲ್ಕು," ಎಂದ, ಯೋಚಿಸದೆ. "ಉಳಿದಿದ್ದೆಲ್ಲ ಅವ ಆಟ ತಿರುಗಿ ಮುರುಗಿ. ಎರಡನೇ ಲೆವೆಲ್‌ನಿಂದ ಶುರು ಆದ್ರ ಅದಕ್ಕೊಂದು ನಂಬರ್, ಮೂರನೇದ್ರಿಂದ ಆದ್ರ ಮತ್ತೊಂದು. ಯಾವ ನಂಬರಿಗೆ ಯಾವ ಆಟ ಅಂತ ನಾ ಒಂದು ನೋಟ್‌ಬುಕ್ಕಿನಾಗ ಬರದಿಟ್ಟಿದ್ದೆ. ಓಣಿ ಹುಡುಗ್ರು ಬಂದು ನೋಡಿಕೊಂಡು ಹೋಗೋರು. ಒಬ್ಬವ ಅದರಾಗ ನನ್ನ ತಪ್ಪು ಸುದ್ದಾ ತಿದ್ದಿದ್ದ."

ನೋಟ್‌ಬುಕ್ ಎಲ್ಲಿದೆ ಎಂದು ಕೇಳಿದೆ.

"ದೊಡ್ಡವ್ವ ರದ್ದಿಗೆ ಹಾಕಿದ್ಲು, ನಾ ಡಿಪ್ಲೊಮಾ ಓದಾಕ ಹೋದಾಗ." ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಬರಕೋ ಹೇಳ್ತೀನಿ. ಒಂದನೇ ನಂಬರ್ ಕಾಂಟ್ರಾ. ಏಳು, ಹಂಗ ಇಪ್ಪತ್ತೊಂದು, ಅವೂ ಕಾಂಟ್ರಾ, ಮೂವತ್ತು ಲೈಫ್ ಇದ್ದದ್ದು..." ಎಂದು ಶುರುಮಾಡಿದ.

ವಿದ್ಯುತ್ ಬಿಲ್ಲಿನ ಹಿಂದೆ ಬರೆದುಕೊಂಡೆ. ಹನ್ನೊಂದರ ತನಕ ಬಂದು ನಿಂತ. ಉಳಿದ ಮೂರಕ್ಕೆ, ತಪ್ಪು ತಿದ್ದಿದ್ದ ಆ ಹುಡುಗನನ್ನು ಕೇಳಿ ಹೇಳುತ್ತಾನಂತೆ. ಅವನೀಗ ಹರಿಹರದಲ್ಲಿ ಟೇಲರ್ ಅಂಗಡಿ ಇಟ್ಟಿದ್ದಾನೆ.