ಮಾಲಿಪಾಟೀಲರೂ ಸ್ಪೇನಿನ ಅಲ್ಕಾಲ್ದೆಗಳೂ

ಕಲಬುರಗಿ ಸೀಮೆಯ ಕೊಡ್ಲಿ ಊರಿನ ಮದುವೆಯೊಂದರಲ್ಲಿ, ಆಯೇರಿಯ ಕಾಣಿಕೆಗಳನ್ನು ಬರೆಯುತ್ತಿದ್ದ ಹಿರಿಯರ ಮಗ್ಗುಲಲ್ಲಿ ಇಡೀ ಮಧ್ಯಾಹ್ನ ಕುಳಿತಿದ್ದೆನು. ಮನೆತನದ ಹೆಸರುಗಳನ್ನು ಕೂಡಿಡುವ ಹವ್ಯಾಸವುಳ್ಳವನಿಗೆ ಅದಕ್ಕಿಂತ ಒಳ್ಳೆಯ ಎಡೆ ದೊರೆಯದು. ಹಣವನ್ನು ಮುಂದೆ ಚಾಚಿದವರೊಬ್ಬರು ತಮ್ಮ ಅಡ್ಡಹೆಸರನ್ನು ‘ಪಾಟೀಲ’ ಎಂದಷ್ಟೇ ಹೇಳಲು, ಹಿರಿಯರು ಬರೆಯುವ ಕೈಯನ್ನು ತಡೆದು, “ಯಾವ ಪಾಟೀಲರ್ರಿ? ಮಾಲಿಪಾಟೀಲರೋ, ಪೊಲೀಸಪಾಟೀಲರೋ?” ಎಂದು ಕೇಳಿದರು.

ಆ ಪ್ರಶ್ನೆಯಲ್ಲಿ ನಮ್ಮ ಸೀಮೆಯ ಆಡಳಿತದ ಚರಿತ್ರೆಯೇ ಅಡಗಿರುವುದು. ಶಾಸನಗಳಲ್ಲಿ ಬರುವ ‘ಪಟ್ಟಕಿಲ’ ಶಬ್ದವು ಸವೆದು ‘ಪಾಟೀಲ’ವಾಯಿತೆಂಬುದು ವಿದ್ವಾಂಸರ ಮತ. ನಿಜಾಮರ ಕಾಲದಲ್ಲಿ ಈ ಅಧಿಕಾರವು ಎರಡಾಗಿ ಕವಲೊಡೆದು, ಕಂದಾಯವನ್ನು ವಸೂಲು ಮಾಡುವವನು ಮಾಲಿಪಾಟೀಲನೆಂದೂ, ಊರಿನ ಕಳವು ಕೊಲೆಗಳ ಸುದ್ದಿಯನ್ನು ಠಾಣೆಗೆ ಮುಟ್ಟಿಸುವವನು ಪೊಲೀಸಪಾಟೀಲನೆಂದೂ ಕರೆಯಲ್ಪಟ್ಟರು. ‘ಮಾಲ್’ ಎಂಬುದು ಅರಬ್ಬಿಯಿಂದ ಬಂದುದು, ‘ಪೊಲೀಸ’ ಇಂಗ್ಲಿಷಿನಿಂದ. ಸಂಸ್ಕೃತಮೂಲದ ಪಾಟೀಲನು ಎರಡನ್ನೂ ತನ್ನ ಮನೆಯೊಳಗೆ ಕರೆದುಕೊಂಡನು.

ಈ ಹೆಸರಿನಿಂದ ಜಾತಿಯನ್ನು ಅಳೆಯಹೊರಡುವುದು ವ್ಯರ್ಥಪ್ರಯತ್ನ. ಲಿಂಗಾಯತರಲ್ಲಿ ಪಾಟೀಲರಿರುವರು, ಜೈನರಲ್ಲಿಯೂ ಮರಾಠರಲ್ಲಿಯೂ ಇರುವರು, ಮುಸಲ್ಮಾನರಲ್ಲಿಯೂ ಇರುವರು. ಪೂರ್ವಜನು ಊರಿಗೆ ಯಾವ ಕೆಲಸವನ್ನು ಮಾಡಿಕೊಟ್ಟನೆಂಬುದೊಂದನ್ನೇ ಅದು ಹೇಳುವುದು. ಇನ್ನು ‘ಕೊಡ್ಲಿ’, ‘ಸೇಡಂ’ ಎಂಬ ಅಡ್ಡಹೆಸರುಗಳ ರೀತಿಯೇ ಬೇರೆ: ಕೊಡ್ಲಿಯೊಳಗೆ ಯಾರನ್ನೂ ಕೊಡ್ಲಿಯವರೆಂದು ಗುರುತಿಸಬೇಕಾಗಿಲ್ಲ, ಊರನ್ನು ಬಿಟ್ಟು ಪರಸ್ಥಳದಲ್ಲಿ ನೆಲೆಸಿದವರಿಗೇ ಊರು ಹೆಸರಾಗಿ ಅಂಟಿಕೊಳ್ಳುವುದು.

ದೂರದ ಸ್ಪೇನಿನಲ್ಲಿಯೂ ಇದೇ ಕ್ರಮ. ಅಲ್ಲಿ ಫೆರ್ನಾಂದೋವಿನ ಮಗನು ಫೆರ್ನಾಂದೆಸ್ ಆದನು. ನವಾರ್ರ ಸೀಮೆಯಿಂದ ಹೊರಬಂದವನು ನವಾರ್ರೋ ಆದನು. ಆದರೆ ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿದ ಹೆಸರು ‘ಅಲ್ಕಾಲ್ದೆ’. ಊರಿನ ಮುಖ್ಯಾಧಿಕಾರಿಯೆಂದು ಅದರ ಅರ್ಥ. ಅಂದರೆ ಆತನು ಅಲ್ಲಿಯ ಪಾಟೀಲನೇ ಸರಿ. 711ರಲ್ಲಿ ಅರಬರು ಅಲ್ಲಿಗೆ ಹೋದ ಮೇಲೆ ಬೇರೂರಿದ, ನ್ಯಾಯಾಧೀಶನೆಂಬರ್ಥದ ‘ಅಲ್-ಖಾದಿ’ ಎಂಬ ಮಾತೇ ಅದರ ಮೂಲ. ಅದೇ ಮಾತು ಪಾರಸಿಯನ್ನು ಹಾದು ಪೂರ್ವಕ್ಕೆ ನಡೆದುಬಂದು ನಮ್ಮಲ್ಲಿ ‘ಖಾಜಿ’ ಆಗಿರುವುದು. ಕಲಬುರಗಿ ಸೀಮೆಯ ಖಾಜಿಯವರೂ ಸ್ಪೇನಿನ ಅಲ್ಕಾಲ್ದೆಯವರೂ ಒಬ್ಬರನ್ನೊಬ್ಬರು ಕಂಡರಿಯರು. ಆದರೂ ಅವರ ಹೆಸರುಗಳು ಒಂದೇ ಹೊಟ್ಟೆಯ ಮಕ್ಕಳು.

ಮರಳಿ ನಮ್ಮ ಪಾಟೀಲರ ಕಡೆಗೆ ಬಂದರೆ, 1956ರ ನವೆಂಬರ 1ರಂದು ನಮ್ಮ ಕಲಬುರಗಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನು 1963ರ ಫೆಬ್ರುವರಿ 1ರಿಂದ ಜಾರಿಗೆ ಬರಲು, ವಂಶಪಾರಂಪರ್ಯದ ಅಧಿಕಾರವು ಅಳಿಯಿತು. ಅಳಿದುದು ನ್ಯಾಯವೇ, ಹುಟ್ಟಿನಿಂದ ಬರುವ ಅಧಿಕಾರವನ್ನು ಪ್ರಜಾರಾಜ್ಯವು ಸಹಿಸಲಾರದು. ಆದರೆ ಹೆಸರಿಗೆ ಅಧಿಕಾರವಿಲ್ಲ, ನೆನಪು ಮಾತ್ರವಿದೆ. ಶಾಲೆಯ ದಾಖಲೆಯಲ್ಲಿ ಮಾಲಿಪಾಟೀಲರನ್ನು ಬರಿಯ ‘ಪಾಟೀಲ’ವಾಗಿಯೂ, ಪಾಟೀಲರನ್ನು ಬರಿಯ ‘ಪಿ’ ಅಕ್ಷರವಾಗಿಯೂ ಮೊಟಕುಗೊಳಿಸುವಾಗ, ನಾವು ಒಂದು ಶಾಸನದ ಸಾಲುಗಳನ್ನು ಉಜ್ಜಿ ಅಳಿಸುತ್ತಿರುವೆವೆಂಬುದನ್ನು ಮರೆಯಬಾರದು.

ಕೊಡ್ಲಿಯ ಆ ಹಿರಿಯರು ಮರೆತಿರಲಿಲ್ಲ. ಉತ್ತರವನ್ನು ಕೇಳಿಕೊಂಡು, ವಹಿಯಲ್ಲಿ ‘ಮಾಲಿಪಾಟೀಲ’ ಎಂದು ಐದು ಅಕ್ಷರಗಳನ್ನೂ ಬಿಡಿಸಿ ಬರೆದು, ಆಮೇಲೆ ಹಣವನ್ನು ಎಣಿಸಿದರು.